ಅರ್ಧ ನಿಂಬೆಹಣ್ಣು

ಮಾಸ್ಕೋದಲ್ಲಿ ಸೋವಿಯತ್ ಸರ್ಕಾರದ ಗುಪ್ತ ಕಡತಗಳನ್ನು ಜನರಿಗೆ ತೆರೆದ ಮೇಲೆ, ಓದುವ ಕೋಣೆಯ ಬಾಗಿಲಲ್ಲೇ ಪ್ರತಿಯೊಬ್ಬರಿಗೂ ವಾಕರಿಕೆ ಬಂದರೆ ಮೂಸಲು ಅರ್ಧ ನಿಂಬೆಹಣ್ಣು ಕೊಡುತ್ತಿದ್ದರು. ಚಾಡಿ ಬರೆದವನ ಹೆಸರಿಗೆ ಮಸಿ ಬಳಿದಿರುತ್ತಿತ್ತು. ಆದರೆ ಕಡತ ಬಿಚ್ಚಿದರೆ ಬರೆದ ಕೈಯ ವಾಸನೆ ಏಳುತ್ತಿತ್ತು. ಪಕ್ಕದ ಮೇಜಿನ ಹೆಂಗಸು ಗಂಡನ ತಂಬಾಕಿನ ವಾಸನೆ ಹಿಡಿದು ಆಗಲೇ ಎರಡು ಸಲ ಹೊರಗೆ ಓಡಿ ವಾಂತಿ ಮಾಡಿ ಬಂದಿದ್ದಳು.

ನರಹರಿ ಕಾಕಾ ತನ್ನ ಕಡತವನ್ನು ಅಂಬುಜಾಳ ಮುಂದೆ ತಳ್ಳಿದ. ತೀರಿಹೋದ ಅವಳ ಅಪ್ಪನೂ ಅವನೂ ಜೊತೆಯಾಗಿ ಧಾರವಾಡದಿಂದ ಇಲ್ಲಿಗೆ ಬಂದು ರಷ್ಯನ್ ಪುಸ್ತಕಗಳನ್ನು ಕನ್ನಡಕ್ಕೆ ತಂದವರು. ಯಾರದೋ ಚಾಡಿಗೆ ಕಾಕಾ ಆರು ವರ್ಷ ಹಿಮದ ಶಿಬಿರದಲ್ಲಿ ಕೊಳೆತ. ಅಲ್ಲಿಯ ಚಳಿಗೆ ಮೂಗು ಸತ್ತು, ವಾಸನೆಯೇ ತಿಳಿಯದಾಯಿತು.

"ನೀನ ಮೂಸಿ ಹೇಳವ್ವಾ, ಯಾರಂತ."

"ಆ ಹೇಸಿ ಸತ್ತಿದ್ರ ಅವನ ಫೋಟೋಕ್ಕಾದ್ರೂ ಉಗುಳ್ತೀನಿ ಕಾಕಾ," ಎಂದು ಅಂಬುಜಾ ಕಡತ ಬಿಚ್ಚಿದಳು.

ಇಂಗಿನ ವಾಸನೆ ಬಂತು. ಅದರ ಹಿಂದೆಯೇ ಲವಂಗ ಬೆರೆಸಿದ ನಶ್ಯ. ಅಪ್ಪ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಕ್ಷರ ತಿದ್ದಿಸುವಾಗ ಬೆರಳಿಗಿರುತ್ತಿದ್ದ ವಾಸನೆ. ಅವಳು ತನ್ನ ನಿಂಬೆಯನ್ನು ಮೂಗಿಗೆ ಹಿಡಿದು ಹಿಂಡಿ ಹಿಪ್ಪೆ ಮಾಡಿದರೂ ಅದು ಹೋಗಲಿಲ್ಲ.

"ಯಾರವ್ವಾ?"

ಸುಳ್ಳು ಹೇಳಲು ಬಾಯಿ ತೆರೆದವಳಿಗೆ ಅದಕ್ಕೂ ಹೇಸಿಗೆಯಾಯಿತು. "ನಮ್ಮಪ್ಪ, ಕಾಕಾ."

ಕಾಕಾ ಕಡತ ಮುಚ್ಚಿ, ತನ್ನ ಪಾಲಿನ ಅರ್ಧ ನಿಂಬೆಯನ್ನು ಅವಳ ಕೈಯಲ್ಲಿಟ್ಟ.

"ನನಗ್ಯಾಕ ಇದು? ನೀ ಅವನ ಫೋಟೋ ಇರೋ ಮನಿಗೇ ಹೋಗಬೇಕಲ್ಲ, ತಗೋ."