ಹನ್ನೊಂದು ನಿಮಿಷ

ಸುಮಾ ಇನ್ನೂ ಮೌಸ್ ಮುಟ್ಟಿರಲಿಲ್ಲ. ಆದರೂ ಪರದೆಯ ಮೇಲಿನ ಬಾಣ ತಾನಾಗಿ ಸರಿದಾಡಿ, ಮೂಲೆಗೆ ಹೋಗಿ, ಒಂದು ಖಾಲಿ ಪುಟ ತೆರೆಯಿತು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಮೂಡಿತು: "ಹನ್ನೊಂದು ನಿಮಿಷದಿಂದ ಕೆಲಸ ನಿಂತಿದೆ. ಮಲಗಿದ್ದೀರಾ?"

ಅಮೃತಹಳ್ಳಿಯ ಆಫೀಸಿನಲ್ಲಿ ಕೂತು ಬರೆಯುತ್ತಿದ್ದವನು ಮಾಲೀಕ ಜಗನ್. ಇಲ್ಲಿ ಕೊಡಿಗೇಹಳ್ಳಿಯ ಮನೆಯಲ್ಲಿ, ಅಮ್ಮ ಮುನಿಕೃಷ್ಣಮ್ಮ ಆಗಷ್ಟೇ ಅವಳನ್ನು ಬಾತ್‌ರೂಮಿನಿಂದ ಕರೆತಂದು ಮಂಚದ ಮೇಲೆ ಕೂರಿಸಿದ್ದರು. ಅವರ ಏದುಸಿರು ಇನ್ನೂ ನಿಂತಿರಲಿಲ್ಲ.

ಹೆಬ್ಬಾಳದ ಸರ್ವಿಸ್ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದು ಅವಳು ಕಾಲು ಮುರಿದುಕೊಂಡಾಗ ಜಗನ್, "ಎರಡು ತಿಂಗ್ಳು ರಜ ಕೊಡಕ್ಕಾಗಲ್ಲ, ಕೆಲ್ಸ ಬಿಟ್ಬಿಡಿ" ಎಂದಿದ್ದ. ಸುಮಾ ಬಿಡಲಿಲ್ಲ. ಅವನಿಂದಲೇ ಇಂಟರ್ನೆಟ್ಟಿನಲ್ಲಿ ಒಂದು ಲಿನಕ್ಸ್ ಸರ್ವರ್ ಬಾಡಿಗೆಗೆ ಹಿಡಿಸಿ, ಮನೆಯಿಂದಲೇ ಕಟ್ಟಡಗಳ ನಕ್ಷೆ ಬಿಡಿಸಲು ಅದರ ಮೇಲೆ, ಎಲ್ಲಿಂದ ಬೇಕಾದರೂ ತೆರೆಯಬಹುದಾದ ಒಂದು ಡೆಸ್ಕ್‌ಟಾಪ್ ಕೂರಿಸಹೊರಟಳು. ಮೂರು ದಿನ ಒದ್ದಾಡಿದರೂ ಬರುತ್ತಿದ್ದುದು ಬೂದು ಪರದೆ, ನಡುವೆ ಒಂದು ಇಂಟು ಗುರುತು, ಅಷ್ಟೇ. ಕೊನೆಗೆ ಯಾವುದೋ ಫೈಲಿನಲ್ಲಿ ತಪ್ಪಿಹೋಗಿದ್ದ ಸಾಲು ಸಿಕ್ಕಿತು. ಡೆಸ್ಕ್‌ಟಾಪ್ ಕಣ್ಣೆದುರು ಬಂದು ನಿಂತಿತು. ಅದರ ಪಾಸ್‌ವರ್ಡನ್ನು ಜಗನ್‌ಗೂ, ಆಫೀಸಿನಲ್ಲಿ ಮುಗಿದ ನಕ್ಷೆ ಎತ್ತಿಕೊಳ್ಳುವ ಸಹೋದ್ಯೋಗಿ ರಾಧಾಮಣಿಗೂ ತಾನೇ ಕೊಟ್ಟಿದ್ದಳು. ಪಾಸ್‌ವರ್ಡ್ ಇದ್ದವರೆಲ್ಲ ತಮ್ಮ ಜಾಗದಿಂದಲೇ ಆ ಒಂದೇ ಪರದೆಯನ್ನು ನೋಡಬಹುದಿತ್ತು, ಅದರಲ್ಲಿ ಬರೆಯಬಹುದಿತ್ತು.

ಫೋನು ಬಡಿದುಕೊಂಡಿತು. ಆಫೀಸಿನ ಮೆಟ್ಟಿಲ ಮೇಲಿಂದ ರಾಧಾಮಣಿಯ ಪಿಸುದನಿ. "ಸುಮಾ, ನಿನ್ ಸ್ಕ್ರೀನನ್ನ ಆಫೀಸ್ ಹಾಲ್‌ನಲ್ಲಿರೋ ಟಿವಿಗೆ ಹಾಕ್‌ಬಿಟ್ಟವ್ನೆ ಕಣೇ. ಮನೆಯಿಂದ ಕೆಲ್ಸ ಅಂದ್ರೆ ಇದೇ, ನೋಡ್ಕೊಳ್ಳಿ ಅಂತ ಎಲ್ರಿಗೂ ತೋರಿಸ್ತಾ ಅವ್ನೆ."

ಸುಮಾಳ ಕಿವಿ ಕಾದುಹೋಯಿತು. "ಯಾಕಮ್ಮಾ ಏನಾಯ್ತು?" ಎಂದು ಮುನಿಕೃಷ್ಣಮ್ಮ ಕೇಳುತ್ತಿದ್ದಂತೆಯೇ ಜಗನ್‌ಗೆ ಫೋನು ಮಾಡಿದಳು.

"ಸಾರ್, ಟಿವಿ ಆಫ್ ಮಾಡಿ."

"ಸರ್ವರ್ ನಂದು ಕಣ್ರೀ, ಬಾಡಿಗೆ ಕಟ್ತಿರೋನು ನಾನು. ನೋಡಿದ್ರೆ ತಪ್ಪೇನು? ಹನ್ನೊಂದು ನಿಮಿಷ ಎಲ್ಲಿಗ್ ಹೋಗಿದ್ರಿ, ಅದನ್ ಹೇಳಿ."

"ಹೇಳ್ಬೇಕಾ?"

"ಹೇಳ್ಲೇಬೇಕು. ಎಲ್ರಿಗೂ ಗೊತ್ತಾಗ್ಲಿ."

ಸುಮಾ ಫೋನನ್ನು ಸ್ಪೀಕರಿಗೆ ಹಾಕಿ ದಿಂಬಿನ ಮೇಲೆಸೆದಳು. ಪರದೆ ತುಂಬುವಷ್ಟು ಅಕ್ಷರ ದೊಡ್ಡದು ಮಾಡಿ, ಕೀಲಿಗಳನ್ನು ಕುಟ್ಟಿ ಕುಟ್ಟಿ ಬರೆದಳು: "ಬಾತ್‌ರೂಮಿಗೆ ಹೋಗಿದ್ದೆ. ಅಮ್ಮನ ಹೆಗಲು ಹಿಡಿದು, ಒಂಟಿ ಕಾಲಲ್ಲಿ."

ಆ ಕಡೆಯಿಂದ ಅಕ್ಷರಗಳು ಒಂದೊಂದಾಗಿ ಅಳಿಸಿಹೋದವು. ಅವಳು ಮತ್ತೆ ಬರೆದಳು. ಅವನು ಅಳಿಸಿದ. ಅವಳು ಇನ್ನೂ ದಪ್ಪಗೆ ಬರೆದಳು.

"ಹೆಣ್ಮಕ್ಳು ಬರೆಯೋ ಮಾತೇನ್ರೀ ಇದು? ಅಳಿಸ್ರೀ!"

"ಕೇಳಿದ್ದು ನೀವು ಸಾರ್."

"ಟಿವಿ ರಿಮೋಟ್ ಎಲ್ರೋ?" ಎಂದು ಅವನು ಯಾರ ಮೇಲೋ ಕೂಗಿದ. ಅದನ್ನು ಹುಡುಕಲು ತಾನೇ ಎದ್ದಿರಬೇಕು, ಕುರ್ಚಿಯೊಂದು ಹಿಂದಕ್ಕೆ ಸರಿದ ಸದ್ದಾಯಿತು. ಸುಮಾ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಂತೆ, ಅವಳ ಸಾಲಿನ ಕೆಳಗೆ ಇನ್ನೊಂದು ಸಾಲು ನಿಧಾನವಾಗಿ ಮೂಡತೊಡಗಿತು:

"ನಾನೂ ಹೋಗಿ ಬರ್ತೀನಿ ಸಾರ್. ಬೆಳಗ್ಗೆಯಿಂದ ತಡ್ಕೊಂಡಿದೀನಿ. ಇಂತಿ, ರಾಧಾಮಣಿ."