ಹಾಲುಗಾಳು

ಗುತ್ಯಮ್ಮ ಒಂದು ತೆನೆ ಕಿತ್ತು, ಗಂಡನ ಮುಖದ ಮುಂದೆ ಹಿಡಿದು, ಉಗುರಿನಿಂದ ಒಂದು ಕಾಳು ಹಿಚುಕಿದಳು. ಬೆಳ್ಳಗೆ ಹಾಲು ಬಂತು.

"ನೋಡಿ, ಇನ್ನೂ ಕಾಳು ಗಟ್ಟಿಯಾಗಿಲ್ಲ. ಇದನ್ನ ಕೊಯ್ತೀರಾ?"

ಹುಲಿಯಪ್ಪ ನೋಡಲಿಲ್ಲ. ಕುಡುಗೋಲಿನ ಬಾಯನ್ನು ಹೆಬ್ಬೆರಳಿನಿಂದ ಸವರುತ್ತ ನಿಂತಿದ್ದ. ಸಂಕ್ರಾಂತಿಗೆ ಇನ್ನು ಇಪ್ಪತ್ತೆರಡು ದಿನ. ಆ ದಿನ ಇದೇ ಗದ್ದೆಯಲ್ಲಿ ವಾಲಿಬಾಲ್ ಪಂದ್ಯ. ಎಂದಿನ ವರ್ಷವಾದರೆ ಈ ಹೊತ್ತಿಗೆ ಕೊಯ್ಲು ಮುಗಿದು, ಕೂಳೆ ಕೆತ್ತಿ, ಕೊರಡಿನಿಂದ ಬಡಿದು, ನೆಲ ಸಗಣಿ ಸಾರಿಸಿದ ಅಂಗಳದ ಹಾಗೆ ಆಗಿರುತ್ತಿತ್ತು. ಆದರೆ ಮೂರು ವರ್ಷದಿಂದ ಮಳೆ ಸ್ವಲ್ಪ ಸ್ವಲ್ಪವೇ ಹಿಂದೆ ಸರಿಯುತ್ತಿತ್ತು. ಈ ಸಲವಂತೂ ಪುನರ್ವಸು ಮಳೆಗೆ ಮುಗಿಯಬೇಕಿದ್ದ ಸಸಿ ನೆಟ್ಟಿ ತಿಂಗಳ ಮೇಲೆ ತಡವಾಗಿ ಮಘೆ ಮಳೆಯವರೆಗೆ ಎಳೆಯಿತು. ಸಂಕ್ರಾಂತಿ ಮಾತ್ರ ಕ್ಯಾಲೆಂಡರಿನಲ್ಲಿ ತನ್ನ ಜಾಗ ಬಿಟ್ಟು ಕದಲಿರಲಿಲ್ಲ.

ಗದ್ದೆಯಂಚಿನಲ್ಲಿ ಯುವಕ ಸಂಘದ ಕಾರ್ಯದರ್ಶಿ ಶ್ರೀಕೃಷ್ಣ ಸೈಕಲ್ ಹಿಡಿದು ನಿಂತಿದ್ದ. "ಬ್ಯಾಡ ಅಂದ್ರೆ ಮುಂದಕ್ಕೆ ಹಾಕಾಣ ಹುಲಿಯಪ್ಪಣ್ಣ. ಹನ್ನೆರಡು ಟೀಮಿಗೆ ಕಾಗದ ಹೋಗಿದೆ, ನಿಜ. ಆದ್ರೂ ನಿಮ್ಮ ಹೊಟ್ಟೆ ಮೇಲೆ ನೆಟ್ ಕಟ್ಟೋದು ಸರಿಯಲ್ಲ."

"ಮುಂದಕ್ಕೆ ಅಂದ್ರೆ ಯಾವಾಗ? ಆಮೇಲೆ ಹುಡುಗ್ರಿಗೆ ಪರೀಕ್ಷೆ ಅಂತೀರಿ. ಹೋದ ವರ್ಷ ಮೈಕಿನಲ್ಲಿ ಏನಂದೆ ನಾನು? ಬರೋ ಸಂಕ್ರಾಂತಿಗೂ ಇದೇ ಗದ್ದೆ ಅಂದೆನೋ ಇಲ್ವೋ?"

"ಅಂದ್ರಿ. ಚಪ್ಪಾಳೆನೂ ಬಿತ್ತು."

"ಮೈಕಿಗೆ ಮಾತು ಕೊಟ್ರು," ಎಂದಳು ಗುತ್ಯಮ್ಮ. "ಮಳೆ ಹತ್ರ ಕೇಳ್ಲಿಲ್ಲ."

ಶ್ರೀಕೃಷ್ಣ ನಗು ತಡೆಯಲು ಸೈಕಲ್ ಗಂಟೆಯ ಕಡೆ ನೋಡಿದ. ಗುತ್ಯಮ್ಮನಿಗೆ ಗೊತ್ತಿತ್ತು, ಇದು ಮಾತಿನ ಪ್ರಶ್ನೆಯೂ ಅಲ್ಲ, ಚೆಂಡಿನದೂ ಅಲ್ಲ, ಕುರ್ಚಿಯದು. ಗೇಣಿ ಮಾಡುತ್ತಿದ್ದ ಕಾಲದಲ್ಲಿ ಪಂದ್ಯದ ದಿನ ಒಡೆಯರ ಮನೆಯ ಕೈಕುರ್ಚಿಯನ್ನು ತಲೆಯ ಮೇಲೆ ಹೊತ್ತು ತಂದು ಈ ಅಂಚಿನಲ್ಲಿ ಇಡುತ್ತಿದ್ದವನು ಹುಲಿಯಪ್ಪ. ಉಳುವವನಿಗೇ ಭೂಮಿ ಎಂಬ ಕಾನೂನು ಬಂದು ಗದ್ದೆ ಅವನ ಹೆಸರಿಗಾಗಿ ಏಳು ವರ್ಷ. ಈಗ ಶಾಲೆಯಿಂದ ಒಂದು ಕುರ್ಚಿ ಬರುತ್ತದೆ. ಅದರಲ್ಲಿ ಹಾರ ಹಾಕಿಸಿಕೊಂಡು ಕೂರುವವನು ಅವನೇ, ವರ್ಷಕ್ಕೆ ಒಂದು ದಿನ. ಉಳಿದ ದಿನಗಳಲ್ಲಿ ಅವನು ಊಟದ ಮಣೆಯ ಮೇಲೂ ನೆಟ್ಟಗೆ ಕೂತವನಲ್ಲ.

"ಇದು ಎಂಟು ಚೀಲದ ಗದ್ದೆ," ಎಂದಳು ಅವಳು, ಈ ಸಲ ಮೆಲ್ಲಗೆ. "ಉಳಿದೆರಡು ಗದ್ದೆ ಭತ್ತ ಮಳೆಗಾಲದ ತನಕ ಸಾಲಲ್ಲ. ಆಮೇಲೆ ಮಕ್ಕಳ ತಟ್ಟೆಗೆ ಏನು ಹಾಕ್ಲಿ, ಚೆಂಡಾ?"

"ಒಂದು ವರ್ಷ, ಮಾರಾಯ್ತಿ. ಹೆಂಗೋ ಆಗ್ತದೆ. ಹುಲ್ಲು ಎಮ್ಮೆಗಾದ್ರೂ ಆಗ್ತದಲ್ಲ." ಹುಲಿಯಪ್ಪ ಬಗ್ಗಿ ಮೊದಲ ಹಿಡಿ ಕೊಯ್ದ.

ಅವಳು ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ಮನೆಗೆ ಹೋಗಿ ತನ್ನ ಕುಡುಗೋಲು ತಂದಳು. ಅರ್ಧ ಕೊಯ್ದ ಗದ್ದೆ ಊಟಕ್ಕೂ ಇಲ್ಲ, ಆಟಕ್ಕೂ ಇಲ್ಲ. ಸಂಜೆ ಬಚ್ಚಲಲ್ಲಿ ಎಷ್ಟು ತಿಕ್ಕಿದರೂ ಬೆರಳ ಸಂದಿಯ ಅಂಟು ಹೋಗಲಿಲ್ಲ.

ಸಂಕ್ರಾಂತಿ ಬೆಳಿಗ್ಗೆ ನೆಟ್ ಕಟ್ಟಾಗಿತ್ತು, ಸುಣ್ಣದ ಗೆರೆ ಎಳೆದಾಗಿತ್ತು. ಕುರ್ಚಿಯೂ ಬಂತು. ಹುಲಿಯಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತ. ಒಂಬತ್ತರ ಬಸ್ಸಿಗೆ ಹೊಸನಗರದಿಂದ ಒಂದು ಟೀಮು ಇಳಿಯಿತು. ತಾಲೂಕು ಆಫೀಸಿನ ನೌಕರರದು, ಆಫೀಸಿನ ಅಂಗಳದಲ್ಲೇ ಆಡಿ ಕಲಿತವರು. ಹತ್ತೂವರೆಯ ಬಸ್ಸು ನಿಲ್ಲದೆ ಹೋಯಿತು. ಹನ್ನೊಂದಕ್ಕೆ ಶ್ರೀಕೃಷ್ಣ ಸೈಕಲ್ ಹತ್ತಿ ನಿಟ್ಟೂರು ಕಡೆ ಹೋದವನು ಬೆವತು ಒಬ್ಬನೇ ವಾಪಸು ಬಂದ.

"ಯಾರೂ ಬರಲ್ವಂತೆ ಅಣ್ಣ. ಎಲ್ಲ ಊರಲ್ಲೂ ಗದ್ದೆ ಇನ್ನೂ ಹಂಗೇ ನಿಂತಿದೆ. ಹುಡುಗ್ರಿಗೆ ಆಡಿ ಕೈ ಪಳಗಿಸ್ಕೊಳ್ಳೋಕೆ ಒಂದು ಚೂರು ಬಯಲು ಸಿಕ್ಕಿಲ್ಲ. ಈ ವರ್ಷ ಚೆಂಡಿಗೆ ಗಾಳಿನೇ ಹಾಕಿಲ್ಲ ಅಂದ್ರು."

"ಅವ್ರೂ ಒಂದೊಂದು ಗದ್ದೆ ಕೊಯ್ಬಹುದಿತ್ತಲ್ಲ?"

"ಹಾಲುಗಾಳು ಯಾರು ಕೊಯ್ತಾರಣ್ಣ!" ಎಂದುಬಿಟ್ಟ ಶ್ರೀಕೃಷ್ಣ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಬಂದವರು ಊರಿನ ಹುಡುಗರ ಜೊತೆ ಒಂದು ಆಟ ಆಡಿದರು. ಊರ ಹುಡುಗರ ಕೈಗೂ ಚೆಂಡಿನ ಅಭ್ಯಾಸ ತಪ್ಪಿತ್ತು, ಬೇಗನೆ ಸೋತರು. ಬಂದವರು ಶೀಲ್ಡ್ ಹಿಡಿದುಕೊಂಡು ಮಧ್ಯಾಹ್ನದ ಬಸ್ಸಿಗೇ ಹೊರಟರು. ಹಾರ ತಟ್ಟೆಯಲ್ಲೇ ಉಳಿಯಿತು. ಕಣಿವೆಯ ಉದ್ದಕ್ಕೂ ಬೇರೆಯವರ ಗದ್ದೆಗಳು ಹಸಿರಿನಿಂದ ಹಳದಿಗೆ ತಿರುಗುತ್ತಿದ್ದವು. ನಡುವೆ ಕಂಬಳಿಗೆ ಹಾಕಿದ ತೇಪೆಯಂತೆ ಒಂದೇ ಒಂದು ಕಂದು ಚೌಕ, ಅದರ ಅಂಚಿನಲ್ಲಿ ಒಂದು ಕುರ್ಚಿ. ಹುಲಿಯಪ್ಪ ಇನ್ನೂ ಎದ್ದಿರಲಿಲ್ಲ.

ಗುತ್ಯಮ್ಮ ಕಾಫಿ ಲೋಟ ಹಿಡಿದು ಅಂಚಿನ ಮೇಲೆ ನಡೆದು ಬಂದಳು. ಅವನ ಕೈಗೆ ಕೊಟ್ಟಳು.

"ಕುಡೀರಿ, ಹಾಲು ಜಾಸ್ತಿ ಹಾಕಿದೀನಿ. ಆ ಹುಲ್ಲು ತಿಂದು ಎಮ್ಮೆ ಈಗ ಹೊತ್ತಿಗೆ ಅರ್ಧ ಸೇರು ಹೆಚ್ಚೇ ಕೊಡ್ತಿದೆ."