ನ್ಯೂಕ್ಲಿಯಸ್ಸಿನ ಮುಖ

ಕಂಪ್ಯೂಟರಿನ ಕೀಲಿಯ ಮೇಲಿಟ್ಟ ಅವಳ ಬೆರಳು ಕೆಳಗಿಳಿಯಲೊಲ್ಲದು. ಒಮ್ಮೆ ಒತ್ತಿದರೆ ಸಾಕು, ಭಾರವಾದ ಆ ಪರಮಾಣುವಿನ ನ್ಯೂಕ್ಲಿಯಸ್ಸಿನ ನಿಜವಾದ ಆಕಾರ ಗೊತ್ತಾಗುತ್ತದೆ. ಅದು ಗುಂಡಗಿದೆ ಎಂದು ಮೇಷ್ಟ್ರು ಆಯುಷ್ಯವಿಡೀ ಪಾಠ ಹೇಳಿದ್ದರು. ಇಲ್ಲ, ಎರಡೂ ತುದಿ ಚಾಚಿದ ನಿಂಬೆಹಣ್ಣಿನಂತಿದೆ ಎಂದು ಅವರ ಶಿಷ್ಯೆಯಾದ ಅವಳೇ ವಾದ ಹೂಡಿದ್ದಳು. ಮನಸ್ಸಿನ ಆಸೆ ಲೆಕ್ಕವನ್ನು ತನ್ನತ್ತ ಎಳೆಯಬಾರದೆಂದು, ಉತ್ತರವನ್ನು ಇಬ್ಬರ ಕಣ್ಣಿಗೂ ಬೀಳದಂತೆ ಮುಚ್ಚಿಟ್ಟೇ ಇಷ್ಟೂ ಕಾಲ ಕೆಲಸ ನಡೆದಿತ್ತು.

“ಒತ್ತಮ್ಮ, ಅದೇನು ಕಚ್ಚುತ್ತಾ?” ಎಂದರು ಪಕ್ಕದಲ್ಲಿ ಕೂತ ಮೇಷ್ಟ್ರು.

“ನಾನು ಗೆದ್ರೆ ನೀವು ಬರೆದಿದ್ದೆಲ್ಲ ಸುಳ್ಳಾಗುತ್ತೆ, ಸರ್.”

“ಸೋತ್ರೆ ನಿನ್ನ ಬಾಯಿ ಸ್ವಲ್ಪ ಮುಚ್ಚುತ್ತೆ. ಅದೂ ಲಾಭಾನೇ.” ನಗುತ್ತಲೇ ಅವರು ತಮ್ಮ ಬೆರಳನ್ನು ಅವಳ ಬೆರಳ ಮೇಲಿಟ್ಟು ಒತ್ತಿಬಿಟ್ಟರು.

ಹೆಚ್ಚುಕಮ್ಮಿ ಬೆಳಕಿನಷ್ಟೇ ವೇಗದಲ್ಲಿ ಡಿಕ್ಕಿ ಹೊಡೆದು ಚೂರಾದ ಕೋಟಿಗಟ್ಟಲೆ ನ್ಯೂಕ್ಲಿಯಸ್ಸುಗಳು ಯಾವ ದಿಕ್ಕಿಗೆ ಹೆಚ್ಚು ಚೆಲ್ಲಿದವೆಂಬ ಗುರುತುಗಳು ಕಪ್ಪು ತೆರೆಯ ಮೇಲೆ ಒಂದೊಂದಾಗಿ ಮೂಡಿದವು, ಕನಸಿನ ನೀರಿನಡಿಯಿಂದ ದೀಪಗಳು ಮೇಲೇಳುವಂತೆ. ಆಕಾರ ಗುಂಡಗಿದ್ದರೆ ಇಲ್ಲಿ ಬೀಳಬೇಕೆಂದು ಮೇಷ್ಟ್ರು ಎಳೆದಿದ್ದ ಗೆರೆಯನ್ನು ದಾಟಿ, ಅವೆಲ್ಲ ನಿಂಬೆಹಣ್ಣಿನ ಆಕಾರಕ್ಕೆಂದು ಅವಳು ಎಳೆದಿಟ್ಟಿದ್ದ ಗೆರೆಯ ಮೇಲೆ ಬಂದು ಕೂತವು. ಗೆದ್ದವಳಿಗೆ ಉಸಿರು ಬಿಡಲೂ ಭಯವಾಯಿತು.

ಮೇಷ್ಟ್ರು ಕನ್ನಡಕ ತೆಗೆದು, ಮುಖವನ್ನು ತೆರೆಗೆ ತಾಗುವಷ್ಟು ಹತ್ತಿರ ತಂದರು. ಮಲಗಿದ ಕೂಸಿನ ಕೆನ್ನೆ ಸವರುವಂತೆ ಆ ಚುಕ್ಕೆಗಳ ಮೇಲೆ ಬೆರಳಾಡಿಸಿದರು.

“ಕಳ್ಳ,” ಎಂದು ಪಿಸುಗುಟ್ಟಿದರು, “ಇಷ್ಟು ವರ್ಷ ನಿನ್ನ ಮುಖಾನೇ ನೋಡದೆ ಮುದ್ದು ಮಾಡ್ಬಿಟ್ಟೆನಲ್ಲೋ.”